ಒರಳೆಷ್ಟು, ಒನಕೆಯೆಷ್ಟು?

ಮೇಜಿನ ಮೇಲಿಡುವ ಗಣಕಯಂತ್ರವೊಂದನ್ನು ಹೊಸದಾಗಿ ಕೊಳ್ಳಹೊರಟವರಿಗೆ ಅಂಗಡಿಯ ಬೆಲೆಪಟ್ಟಿಯಲ್ಲಿ ಪ್ರೊಸೆಸರಿನ ಹೆಸರಿನ ಮುಂದೆ ಎರಡು ಸಂಖ್ಯೆಗಳು ಕಾಣುತ್ತವೆ. ಒಂದರ ಮುಂದೆ ‘6 ಕೋರ್, 12 ಥ್ರೆಡ್’ ಎಂದಿದ್ದರೆ ಇನ್ನೊಂದರ ಮುಂದೆ ‘8 ಕೋರ್, 8 ಥ್ರೆಡ್’ ಎಂದಿರುತ್ತದೆ. ಇವೆರಡರಲ್ಲಿ ಯಾವುದು ಮೇಲು? ಹನ್ನೆರಡು ಎಂಟಕ್ಕಿಂತ ದೊಡ್ಡದೆಂಬುದು ಎಳೆಯ ಮಕ್ಕಳಿಗೂ ತಿಳಿದ ಮಾತು. ಆದುದರಿಂದ ಮೊದಲನೆಯದೇ ಮೇಲೆಂದು ಥಟ್ಟನೆ ಹೇಳಿಬಿಡುವವರೇ ಹೆಚ್ಚು. ನಮ್ಮ ತರಗತಿಯ ವಿದ್ಯಾರ್ಥಿಗಳೂ ಹಾಗೆಯೇ ಹೇಳುತ್ತಾರೆ. ಆದರೆ ಎರಡು ಸಂಖ್ಯೆಗಳನ್ನು ಹೋಲಿಸುವ ಮೊದಲು ಅವು ಒಂದೇ ಜಾತಿಯ ವಸ್ತುಗಳನ್ನು ಎಣಿಸುತ್ತಿವೆಯೇ ಎಂದು ಕೇಳಬೇಕಾದುದು ವಿಜ್ಞಾನದ ಮೊದಲ ಪಾಠ. ಹನ್ನೆರಡು ಅಡಿಯನ್ನೂ ಎಂಟು ಗಜವನ್ನೂ ಪಕ್ಕದಲ್ಲಿಟ್ಟು, ಹನ್ನೆರಡೇ ಉದ್ದವೆನ್ನುವವನನ್ನು ನಾವು ಒಪ್ಪುತ್ತೇವೆಯೆ?

ಇದು ಬರಿಯ ಶಬ್ದದ ಜಗಳವಲ್ಲ. ಪದವಿ ತರಗತಿಗೆ ಸೇರುವ ಮಗನಿಗೋ ಮಗಳಿಗೋ ಗಣಕವೊಂದನ್ನು ತೆಗೆಸಿಕೊಡುವುದು ನಮ್ಮ ನಾಡಿನ ಅನೇಕ ಸಂಸಾರಗಳಿಗೆ ಇಂದಿಗೂ ಹಲವು ತಿಂಗಳ ಉಳಿತಾಯದ ಮಾತು. ಒಮ್ಮೆ ಕೊಂಡುದನ್ನು ಐದಾರು ವರ್ಷ ಬಳಸಬೇಕಾಗುತ್ತದೆ. ಪಟ್ಟಿಯಲ್ಲಿನ ದೊಡ್ಡ ಸಂಖ್ಯೆಗೆ ಮರುಳಾಗಿ ತೆತ್ತ ಹಣ ಸ್ಮೃತಿಕೋಶಕ್ಕೋ, ಒಳ್ಳೆಯ ಪರದೆಗೋ ಸಲ್ಲಬೇಕಾಗಿದ್ದ ಹಣ. ಆದುದರಿಂದ ಈ ಎರಡು ಸಂಖ್ಯೆಗಳ ಹುರುಳೇನೆಂಬುದನ್ನು ವಿವೇಚಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕೋರ್ ಎಂದರೆ ಆಜ್ಞೆಗಳನ್ನು ಓದಿ, ಲೆಕ್ಕ ಮಾಡಿ, ಫಲವನ್ನು ಬರೆದಿಡುವ ಒಂದು ಸಂಪೂರ್ಣ ಯಂತ್ರ. ಕೂಡುವ, ಗುಣಿಸುವ ಅಂಗಗಳೆಲ್ಲ ಅದರೊಳಗೇ ಇರುತ್ತವೆ. ಥ್ರೆಡ್ ಎಂದರೆ ಎಳೆ. ಒಂದರ ಹಿಂದೊಂದರಂತೆ ನಡೆಯಬೇಕಾದ ಆಜ್ಞೆಗಳ ಸಾಲು. ಒಂದು ಕೋರು ಒಂದು ಎಳೆಯನ್ನು ನಡೆಸುವುದು ಸಹಜ. ಹೈಪರ್-ಥ್ರೆಡಿಂಗ್ ಎಂಬ ಉಪಾಯದಲ್ಲಾದರೋ ಒಂದೇ ಕೋರು ಎರಡು ಎಳೆಗಳನ್ನು ಏಕಕಾಲದಲ್ಲಿ ಹಿಡಿದಿರುತ್ತದೆ. ಪ್ರತಿಯೊಂದು ಎಳೆಯೂ ಎಲ್ಲಿಯವರೆಗೆ ಬಂದಿದೆ, ಅದರ ಕೈಯಲ್ಲಿರುವ ಸಂಖ್ಯೆಗಳಾವುವು ಎಂಬುದನ್ನು ನೆನಪಿಡುವ ರಿಜಿಸ್ಟರುಗಳು ಮಾತ್ರ ಎರಡೆರಡು ಜೊತೆ. ಲೆಕ್ಕ ಮಾಡುವ ಅಂಗಗಳೂ ಹತ್ತಿರದ ಸ್ಮೃತಿಯೂ ಒಂದೇ. ಇವನ್ನು ಎರಡೆಳೆಗಳೂ ಹಂಚಿಕೊಳ್ಳಬೇಕು.

ನಮ್ಮ ಹಳ್ಳಿಗಳಲ್ಲಿ ಭತ್ತ ಕುಟ್ಟುತ್ತಿದ್ದ ಬಗೆಯನ್ನು ಹಿರಿಯರಿಂದಲಾದರೂ ಕೇಳಿ ತಿಳಿಯದವರಿಲ್ಲ. ಒಂದೇ ಒರಳಿನ ಎದುರುಬದುರಾಗಿ ಇಬ್ಬರು ಹೆಂಗಸರು ನಿಂತು ಎರಡು ಒನಕೆಗಳಿಂದ ಕುಟ್ಟುವರು. ಒಬ್ಬಳ ಒನಕೆ ಮೇಲೆ ಹೋದಾಗ ಒರಳು ತೆರವಾಗಿರುತ್ತದೆ. ಆ ಕ್ಷಣದಲ್ಲಿ ಇನ್ನೊಬ್ಬಳ ಒನಕೆ ಬೀಳುತ್ತದೆ. ಹೀಗೆ ಒಬ್ಬಳೇ ಕುಟ್ಟುವಾಗ ವ್ಯರ್ಥವಾಗುತ್ತಿದ್ದ ಹೊತ್ತು ಉಪಯೋಗಕ್ಕೆ ಬಂದು ಕೆಲಸ ಬೇಗ ಮುಗಿಯುತ್ತದೆ. ಹೈಪರ್-ಥ್ರೆಡಿಂಗಿನ ತತ್ತ್ವ ಇಷ್ಟೇ. ಕೋರು ಒರಳು, ಎಳೆ ಒನಕೆ. ಒನಕೆ ಎರಡಾದ ಮಾತ್ರಕ್ಕೆ ಒರಳು ಎರಡಾಗಲಿಲ್ಲ ಎಂಬುದನ್ನು ನೆನಪಿನಲ್ಲಿಟ್ಟರೆ ಉಳಿದುದೆಲ್ಲ ಸುಲಭ.

ಕೋರಿನೊಳಗೆ ತೆರವಾದ ಹೊತ್ತು ಎಲ್ಲಿಂದ ಬರುತ್ತದೆಂದು ಕೇಳಬಹುದು. 3 ಗಿಗಾಹರ್ಟ್ಸ್ ವೇಗದ ಕೋರಿನ ಒಂದು ಮಿಡಿತಕ್ಕೆ ಹಿಡಿಯುವ ಕಾಲ ಸೆಕೆಂಡಿನ ಮುನ್ನೂರು ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಬೆಳಕು ಸಹ ಕೇವಲ 10 ಸೆಂಟಿಮೀಟರು ದೂರ ಸಾಗುತ್ತದೆ. ಬೇಕಾದ ಸಂಖ್ಯೆ ಹತ್ತಿರದ ಸ್ಮೃತಿಯಲ್ಲಿಲ್ಲದೆ, ಹೊರಗಿನ ಮುಖ್ಯ ಸ್ಮೃತಿಕೋಶದಿಂದ ಬರಬೇಕಾದರೆ ಸುಮಾರು 80 ನ್ಯಾನೊಸೆಕೆಂಡು ಬೇಕಾಗುತ್ತದೆ. ಎಂದರೆ ಇನ್ನೂರನಾಲ್ವತ್ತು ಮಿಡಿತಗಳು. ಅಷ್ಟು ಹೊತ್ತೂ ಕೋರು ಬಹುಮಟ್ಟಿಗೆ ಕೈಕಟ್ಟಿ ಕುಳಿತಿರುತ್ತದೆ. ಆ ಬಿಡುವಿನಲ್ಲಿ ಎರಡನೆಯ ಎಳೆಯ ಕೆಲಸ ಮಾಡಿಸಿದರೆ ಅದು ಲಾಭವೇ ಸರಿ. ಆದರೆ ಮೊದಲನೆಯ ಎಳೆಯೇ ಬಿಡುವಿಲ್ಲದಂತೆ ಲೆಕ್ಕದ ಅಂಗಗಳನ್ನು ದುಡಿಸುತ್ತಿದ್ದರೆ ಎರಡನೆಯದಕ್ಕೆ ಜಾಗವೆಲ್ಲಿ? ಎರಡೂ ಒಂದೇ ಸ್ಮೃತಿಗಾಗಿ ನೂಕಾಡಿ, ಒಮ್ಮೊಮ್ಮೆ ಒಟ್ಟು ಕೆಲಸವೇ ನಿಧಾನವಾಗುವುದೂ ಉಂಟು. ಒನಕೆಗೆ ಒನಕೆ ತಾಗಿದರೆ ಅಕ್ಕಿ ನುಚ್ಚಾಗುವುದಷ್ಟೆ.

ಉಪಾಯವು ಹೊಸದಲ್ಲ. 1964ರಲ್ಲಿ ಸೆಮೋರ್ ಕ್ರೇ ರಚಿಸಿದ ಸಿ.ಡಿ.ಸಿ. 6600 ಗಣಕದಲ್ಲಿ ಹೊರಗಿನ ಸಲಕರಣೆಗಳನ್ನು ನೋಡಿಕೊಳ್ಳಲು ಹತ್ತು ಕಿರು ಪ್ರೊಸೆಸರುಗಳಿದ್ದುವು. ಆದರೆ ಆ ಹತ್ತಕ್ಕೂ ಲೆಕ್ಕದ ಅಂಗ ಒಂದೇ, ಸರದಿಯ ಮೇಲೆ ಅದನ್ನು ಬಳಸಬೇಕಾಗಿತ್ತು. 1995ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸೆನ್, ಸೂಸನ್ ಎಗರ್ಸ್, ಹೆನ್ರಿ ಲೆವಿ ಇವರು, ಸರದಿಗೆ ಕಾಯದೆ ಒಂದೇ ಮಿಡಿತದಲ್ಲಿ ಅನೇಕ ಎಳೆಗಳ ಆಜ್ಞೆಗಳನ್ನು ಬೆರೆಸಿ ನಡೆಸುವ ಕ್ರಮವನ್ನು ವಿವರಿಸಿದರು. ಇಂಟೆಲ್ ಕಂಪೆನಿಯು ಇದಕ್ಕೆ ಹೈಪರ್-ಥ್ರೆಡಿಂಗ್ ಎಂದು ಹೆಸರಿಟ್ಟು 2002ರಲ್ಲಿ ಮೊದಲು ಜಿಯಾನ್ ಪ್ರೊಸೆಸರಿನಲ್ಲಿಯೂ, ಅದೇ ವರ್ಷದ ನವೆಂಬರಿನಲ್ಲಿ 3.06 ಗಿಗಾಹರ್ಟ್ಸಿನ ಪೆಂಟಿಯಂ 4ರಲ್ಲಿಯೂ ಬಳಕೆಗೆ ತಂದಿತು. ಇದರಿಂದ ಚಿಪ್ಪಿನ ವಿಸ್ತೀರ್ಣ ಶೇಕಡ 5ಕ್ಕಿಂತಲೂ ಕಡಿಮೆ ಹೆಚ್ಚಿತೆಂದೂ, ಕೆಲವು ಕಾರ್ಯಗಳಲ್ಲಿ ಶೇಕಡ 30ರವರೆಗೆ ಲಾಭ ದೊರೆಯಿತೆಂದೂ ಆ ಕಂಪೆನಿಯ ಎಂಜಿನಿಯರುಗಳೇ ಆಗ ಪ್ರಕಟಿಸಿದರು. ಈ ಎರಡು ಅಂಕಿಗಳನ್ನು ಜೋಡಿಸಿ ನೋಡಬೇಕು. ಐದರಷ್ಟು ವೆಚ್ಚಕ್ಕೆ ಮೂವತ್ತರವರೆಗೆ ಲಾಭ! ನಿರ್ಮಾಪಕನಿಗೆ ಇಂಥ ಜಾಣ ವ್ಯಾಪಾರ ಬೇರೆ ಇಲ್ಲ. ಅದೇ ಅಂಕಿಗಳು ಕೊಳ್ಳುವವನಿಗೆ ಇನ್ನೊಂದು ಮಾತನ್ನು ಹೇಳುತ್ತವೆ: ಎರಡನೆಯ ಎಳೆಯ ಬೆಲೆ ಅತಿ ಹೆಚ್ಚೆಂದರೆ ಕೋರಿನ ಹತ್ತನೆಯ ಮೂರು ಪಾಲು, ನೂರಕ್ಕೆ ನೂರಲ್ಲ.

ಇನ್ನು ನಿಜವಾಗಿಯೂ ಒರಳುಗಳನ್ನೇ ಹೆಚ್ಚಿಸುವ ಮಾರ್ಗ. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಚಿಪ್ಪು ಬಳಸುವ ವಿದ್ಯುತ್ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೂ ಮಿಡಿತದ ವೇಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ, ಶಾಖವು ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. ಇಂಟೆಲ್ ಕಂಪೆನಿಯು 2004ರ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. ಶಾಖದ ಕಾಟವು ಆ ಪ್ರೊಸೆಸರಿಗೆ ಅಂಟಿದ ರೋಗವಾಗಿತ್ತು. ಈಗ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ವೇಗವನ್ನೂ ವೋಲ್ಟೇಜನ್ನೂ ಶೇಕಡ 20ರಷ್ಟು ತಗ್ಗಿಸಿದರೆ ಒಂದು ಕೋರಿನ ಸಾಮರ್ಥ್ಯವೆಚ್ಚವು 0.8ರ ಘನ, ಎಂದರೆ 0.512ಕ್ಕೆ ಇಳಿಯುತ್ತದೆ. ಅಂಥ ಎರಡು ಕೋರುಗಳನ್ನಿಟ್ಟರೆ ವೆಚ್ಚ ಮೊದಲಿನಷ್ಟೇ, ಸುಮಾರು 1.02, ಕೆಲಸವನ್ನು ಸರಿಯಾಗಿ ಹಂಚಲು ಬಂದರೆ ಫಲ 1.6. ಒಂದೇ ಎತ್ತನ್ನು ಬಡಿದು ಓಡಿಸುವುದಕ್ಕಿಂತ ಎರಡೆತ್ತುಗಳನ್ನು ಹೂಡುವುದು ಮೇಲೆಂಬ ರೈತನ ವಿವೇಕವೇ ಇದು. 2005ರಲ್ಲಿ ಇಂಟೆಲಿನ ಪೆಂಟಿಯಂ ಡಿ, ಎ.ಎಂ.ಡಿ. ಕಂಪೆನಿಯ ಅಥ್ಲಾನ್ 64 ಎಕ್ಸ್2 ಎಂಬ ಎರಡು ಕೋರಿನ ಪ್ರೊಸೆಸರುಗಳು ಮನೆಯ ಗಣಕಗಳಿಗೆ ಬಂದುದು ಹೀಗೆ. ಮರುವರ್ಷದ ಕೋರ್ 2 ಡ್ಯುಯೊದಲ್ಲಿ ಹೈಪರ್-ಥ್ರೆಡಿಂಗ್ ಇರಲೇ ಇಲ್ಲ. ಆದರೂ ಅದು ಪೆಂಟಿಯಂ 4ನ್ನು ಬಹುದೂರ ಹಿಂದಿಕ್ಕಿತು. 2008ರಲ್ಲಿ ಕೋರ್ ಐ7ರೊಡನೆ ಹೈಪರ್-ಥ್ರೆಡಿಂಗ್ ಮರಳಿ ಬಂದಿತು.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅದು ನಾವು ಕಲ್ಪಿಸಿದ ಪ್ರಶ್ನೆಯಲ್ಲ. ಇಂಟೆಲ್ ಕಂಪೆನಿಯು 2017ರ ಅಕ್ಟೋಬರಿನಲ್ಲಿ 6 ಕೋರು 12 ಎಳೆಗಳ ಕೋರ್ ಐ7-8700ಕೆ ಪ್ರೊಸೆಸರನ್ನೂ, ಮರುವರ್ಷದ ಅದೇ ತಿಂಗಳಲ್ಲಿ 8 ಕೋರು 8 ಎಳೆಗಳ ಐ7-9700ಕೆ ಪ್ರೊಸೆಸರನ್ನೂ ಮಾರುಕಟ್ಟೆಗೆ ಬಿಟ್ಟಿತು. ಕೋರುಗಳ ಮೂಲ ವಿನ್ಯಾಸ ಒಂದೇ. ಸ್ಮೃತಿಯೂ ಎರಡರಲ್ಲಿಯೂ 12 ಮೆಗಾಬೈಟು. ಗರಿಷ್ಠ ವೇಗ 4.7 ಮತ್ತು 4.9 ಗಿಗಾಹರ್ಟ್ಸ್. ಇಷ್ಟು ಸಮೀಪದ ಜೋಡಿ ಪ್ರಯೋಗಶಾಲೆಯಲ್ಲಿಯೂ ಸಿಕ್ಕುವುದು ಅಪರೂಪ. ಕಂಪೆನಿಯೇ ಹಿಂದೆ ಹೇಳಿದ ಅತ್ಯುತ್ತಮ ಅಂಕಿಯನ್ನೇ ಒಪ್ಪಿ, 6ನ್ನು 1.3ರಿಂದ ಗುಣಿಸಿದರೆ ಬರುವುದು 7.8. ಅದು ಹನ್ನೆರಡಲ್ಲ, ಎಂಟು ಸಹ ಅಲ್ಲ. ಎಲ್ಲ ಎಳೆಗಳಿಗೂ ಕೆಲಸ ಹಂಚಬಲ್ಲ ಚಿತ್ರರಚನೆಯಂಥ ಪರೀಕ್ಷೆಗಳಲ್ಲಿ ಈ ಎರಡು ಪ್ರೊಸೆಸರುಗಳು ಹತ್ತಿರ ಹತ್ತಿರ ನಿಂತುವು. ಹಲವೆಡೆ ಎಂಟು ಕೋರಿನದೇ ಸ್ವಲ್ಪ ಮುಂದಾಯಿತು. ಎಳೆಗಳನ್ನೇ ಎಣಿಸಿ ಕೊಂಡವರು ಮೇಲೆಂದು ತಿಳಿದುದು ಮೇಲಾಗಿರಲಿಲ್ಲ.

ಆದುದರಿಂದ ನಾವು ಸೂಚಿಸುವ ಸ್ಥೂಲ ನಿಯಮವಿದು: ಕೋರನ್ನು ಒಂದೆಂದೂ, ಅದೇ ಕೋರಿನ ಎರಡನೆಯ ಎಳೆಯನ್ನು ಕಾಲೆಂದೂ ಎಣಿಸಬೇಕು. ನಾಲ್ಕು ಕೋರು ಎಂಟು ಎಳೆಗಳದು ಐದಕ್ಕೆ ಸಮ. ಎಂಟು ಕೋರು ಹದಿನಾರು ಎಳೆಗಳದು ಹತ್ತಕ್ಕೆ ಸಮ. ಇದು ಪ್ರಕೃತಿಯ ನಿಯಮವಲ್ಲ, ಸಂತೆಗೆ ಒಯ್ಯುವ ಅಳತೆಗೋಲು ಮಾತ್ರ. ಒಂದೇ ತಲೆಮಾರಿನ, ಒಂದೇ ಬಗೆಯ ಕೋರುಗಳನ್ನು ಹೋಲಿಸುವಾಗ ಅದು ಬಹಳ ತಪ್ಪು ದಾರಿಗೆ ಎಳೆಯಲಾರದು.

ಇದನ್ನು ಕೇಳಿ, ‘ಹಾಗಾದರೆ ಹೈಪರ್-ಥ್ರೆಡಿಂಗ್ ಬರಿಯ ಆಡಂಬರ’ ಎನ್ನುವವರಿದ್ದಾರೆ. ಆ ಪಕ್ಷವೂ ನಮಗೆ ಒಪ್ಪಿಗೆಯಿಲ್ಲ. 2011ರ ಜನವರಿಯಲ್ಲಿ ಬಂದ ಐ5-2500ಕೆ, ಐ7-2600ಕೆ ಇವೆರಡಕ್ಕೂ ನಾಲ್ಕೇ ಕೋರುಗಳು; ಎರಡನೆಯದಕ್ಕೆ ಮಾತ್ರ ಎಂಟು ಎಳೆಗಳು. ಕಂಪೆನಿಯು ಪ್ರಕಟಿಸಿದ ಬೆಲೆ ಮೊದಲನೆಯದಕ್ಕೆ 216 ಡಾಲರು, ಎರಡನೆಯದಕ್ಕೆ 317. ಮುಖ್ಯವಾಗಿ ನಾಲ್ಕು ಎಳೆಗಳಿಗಾಗಿಯೇ ತೆತ್ತ ಆ ನೂರು ಡಾಲರು ಅಂದಿನ ಆಟಗಳಲ್ಲಿ ಹೆಚ್ಚೇನನ್ನೂ ತರಲಿಲ್ಲ. ಆದರೆ ವರ್ಷಗಳು ಕಳೆದು, ನಾಲ್ಕಕ್ಕಿಂತ ಹೆಚ್ಚು ಎಳೆಗಳನ್ನು ಬೇಡುವ ಕ್ರಮವಿಧಿಗಳು ಬಂದಾಗ 2600ಕೆ ಇನ್ನೂ ಕೆಲವು ಕಾಲ ತಾಳಿಕೊಂಡಿತು. 2500ಕೆ ಮೊದಲು ಬಳಲಿತು. 2017ರಲ್ಲಿ ಎರಡೇ ಕೋರುಗಳ ಅಗ್ಗದ ಪೆಂಟಿಯಂ ಜಿ4560ಕ್ಕೆ ಹೈಪರ್-ಥ್ರೆಡಿಂಗ್ ದೊರೆತಾಗ ಬಡವರ ಗಣಕಗಳಿಗೆ ಅದೊಂದು ವರವೇ ಆಯಿತು. ಇದರಿಂದ ತಿಳಿಯುವುದೇನೆಂದರೆ, ಒರಳುಗಳು ಕಡಿಮೆಯಿದ್ದಾಗ ಎರಡನೆಯ ಒನಕೆಗೆ ಬೆಲೆ ಹೆಚ್ಚು. ಒರಳುಗಳೇ ಸಾಕಷ್ಟಿದ್ದಾಗ ಅದರ ಬೆಲೆ ಇಳಿಯುತ್ತದೆ.

ಹಾಗೆಂದು ಕೋರುಗಳನ್ನು ಎಣಿಸುವುದರಲ್ಲಿಯೇ ಬುದ್ಧಿವಂತಿಕೆ ಮುಗಿಯುವುದಿಲ್ಲ. ಜೀನ್ ಆಮ್ಡಾಲ್ 1967ರಲ್ಲಿ ಎತ್ತಿ ತೋರಿಸಿದ ಮಿತಿಯೊಂದುಂಟು. ಕೆಲಸದ ಐದರಲ್ಲೊಂದು ಪಾಲನ್ನು ಹಂಚಲು ಬಾರದೆಂದಿಟ್ಟುಕೊಳ್ಳೋಣ. ಆಗ ನಾಲ್ಕು ಕೋರುಗಳಿಂದ ವೇಗ ಎರಡೂವರೆ ಪಟ್ಟಾಗುತ್ತದೆ; ಎಂಟರಿಂದ 3.33 ಪಟ್ಟು, ಹದಿನಾರರಿಂದ ನಾಲ್ಕು ಪಟ್ಟು. ಸಾವಿರ ಕೋರುಗಳನ್ನಿಟ್ಟರೂ ಐದು ಪಟ್ಟನ್ನು ಮುಟ್ಟಲಾಗದು. ಹಂಚಲಾಗದ ಆ ಐದನೆಯ ಪಾಲನ್ನು ಬೇಗ ಮುಗಿಸಬಲ್ಲುದು ಒಂದೇ ಒಂದು ಕೋರಿನ ಚುರುಕುತನ. ಬರೆಯುವುದು, ಓದುವುದು, ಜಾಲತಾಣಗಳನ್ನು ನೋಡುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ನಮಗೆ ಗಣಕವು ಚುರುಕೆಂದೋ ಮಂದವೆಂದೋ ತೋರುವುದು ಬಹುತೇಕ ಈ ಗುಣದಿಂದ. ಬೆಲೆಪಟ್ಟಿಯ ಎರಡು ಸಂಖ್ಯೆಗಳಲ್ಲಿ ಈ ಗುಣದ ಸುಳಿವೇ ಇಲ್ಲ!

‘ಕೋರ್’ ಎಂಬ ಮಾತು ಸಹ ಎಲ್ಲೆಡೆಯಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲ. ಎ.ಎಂ.ಡಿ. ಕಂಪೆನಿಯು 2011ರಲ್ಲಿ ಎಂಟು ಕೋರುಗಳದೆಂದು ಮಾರಿದ ಎಫ್ಎಕ್ಸ್-8150ರಲ್ಲಿ, ಎರಡೆರಡು ಕೋರುಗಳು ದಶಮಾಂಶದ ಲೆಕ್ಕಮಾಡುವ ಒಂದೊಂದು ಅಂಗವನ್ನು ಹಂಚಿಕೊಳ್ಳುತ್ತಿದ್ದುವು. ಅವು ಎಂಟೋ ನಾಲ್ಕೋ ಎಂಬ ವಿವಾದ 2015ರಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯವನ್ನು ಮುಟ್ಟಿ, 2019ರಲ್ಲಿ ಒಂದು ಕೋಟಿ ಇಪ್ಪತ್ತೊಂದು ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. 2021ರಿಂದೀಚೆಗೆ ಇಂಟೆಲಿನ ಅನೇಕ ಪ್ರೊಸೆಸರುಗಳಲ್ಲಿ ದೊಡ್ಡ ಕೋರು, ಚಿಕ್ಕ ಕೋರು ಎಂದು ಎರಡು ಜಾತಿ. 2023ರ ಐ9-14900ಕೆಯಲ್ಲಿ ದೊಡ್ಡವು ಎಂಟು, ಚಿಕ್ಕವು ಹದಿನಾರು; ದೊಡ್ಡವಕ್ಕೆ ಮಾತ್ರ ಎರಡೆರಡು ಎಳೆ; ಹೀಗೆ ಒಟ್ಟು ಎಳೆಗಳು 32. ಮರುವರ್ಷ ಬಂದ ಕೋರ್ ಅಲ್ಟ್ರಾ 9 285ಕೆಯಲ್ಲಿಯೂ ಅಷ್ಟೇ ಕೋರುಗಳು. ಆದರೆ ಹೈಪರ್-ಥ್ರೆಡಿಂಗನ್ನು ತೆಗೆದುಹಾಕಿದುದರಿಂದ ಎಳೆಗಳು 24. ಎಂಟು ಎಳೆ ಕಡಿಮೆಯಾದರೂ ಚಿತ್ರರಚನೆಯಲ್ಲಿ ಅದು ತನ್ನ ಹಿಂದಿನದಕ್ಕೆ ಸೋಲಲಿಲ್ಲ. ಕೋರುಗಳ ವಿನ್ಯಾಸವೇ ಸುಧಾರಿಸಿತ್ತು. ಆಟಗಳಲ್ಲಾದರೋ ಅನೇಕ ಕಡೆ ಅದು ಹಿಂದೆ ಬಿತ್ತು. ಅದೇ 2024ರಲ್ಲಿ ಎ.ಎಂ.ಡಿ. ತನ್ನ ರೈಜನ್ 9000 ಶ್ರೇಣಿಯಲ್ಲಿ ಎರಡೆಳೆಯ ಪದ್ಧತಿಯನ್ನು ಉಳಿಸಿಕೊಂಡಿತು. ನುರಿತ ಎಂಜಿನಿಯರುಗಳೇ ಎರಡು ದಾರಿ ಹಿಡಿದಿರುವಾಗ, ಹೈಪರ್-ಥ್ರೆಡಿಂಗ್ ಇರಲೇಬೇಕೆಂದು, ಇರಲೇಬಾರದೆಂದು ಶಪಥ ಮಾಡುವುದು ಕೊಳ್ಳುವವರಿಗೆ ಶೋಭಿಸುವುದಿಲ್ಲ.

ಒಂದೇ ಒರಳನ್ನು ಹಂಚಿಕೊಳ್ಳುವುದರಲ್ಲಿ ಗುಟ್ಟು ಬಯಲಾಗುವ ಭಯವೂ ಉಂಟೆಂಬುದು 2018 ಮತ್ತು 2019ರಲ್ಲಿ ಕಂಡುಬಂದಿತು. ಇಂಟೆಲ್ ಪ್ರೊಸೆಸರುಗಳಲ್ಲಿ ಒಂದು ಎಳೆಯ ರಹಸ್ಯವನ್ನು ಜೊತೆಯ ಎಳೆ ಕದ್ದುನೋಡಬಲ್ಲ ದೋಷಗಳನ್ನು ಸಂಶೋಧಕರು ಪ್ರಕಟಿಸಿದರು. ಓಪನ್‌ಬಿ.ಎಸ್.ಡಿ. ಎಂಬ ಕಾರ್ಯವ್ಯವಸ್ಥೆಯನ್ನು ರಚಿಸುವವರು 2018ರ ಜೂನಿನಲ್ಲಿಯೇ ಹೈಪರ್-ಥ್ರೆಡಿಂಗನ್ನು ಮೊದಲಿನಿಂದಲೇ ನಿಲ್ಲಿಸಿಡುವ ಏರ್ಪಾಡು ಮಾಡಿದರು. ಅಪರಿಚಿತರ ಕೆಲಸಗಳನ್ನು ಒಂದೇ ಯಂತ್ರದಲ್ಲಿ ನಡೆಸುವ ದೊಡ್ಡ ಗಣಕಾಲಯಗಳಿಗೆ ಇದು ಗಂಭೀರ ವಿಷಯ. ಮನೆಯ ಗಣಕಕ್ಕೆ ಕಾಲಕಾಲಕ್ಕೆ ಬರುವ ಪರಿಷ್ಕರಣಗಳನ್ನು ತಪ್ಪದೆ ಹಾಕಿಕೊಂಡರೆ ಸಾಮಾನ್ಯವಾಗಿ ಸಾಕು.

ಹಾಗಾದರೆ ವಿದ್ಯಾರ್ಥಿಯು ಏನು ಮಾಡಬೇಕು? ಮೊದಲು ತನ್ನ ಕೆಲಸವೇನೆಂದು ಕಾಗದದ ಮೇಲೆ ಬರೆದುಕೊಳ್ಳಲಿ. ಪಾಠದ ಟಿಪ್ಪಣಿ, ಪ್ರಬಂಧ, ಕ್ರಮವಿಧಿಗಳ ಅಭ್ಯಾಸ ಇಷ್ಟೇ ಆದರೆ ಈಚಿನ ತಲೆಮಾರಿನ ನಾಲ್ಕು ಕೋರು ಎಂಟು ಎಳೆಗಳೇ ಧಾರಾಳ. ಅಲ್ಲಿ ಹೈಪರ್-ಥ್ರೆಡಿಂಗ್ ಇರುವುದು ಒಳ್ಳೆಯದು. ಆಟ, ಚಲಚ್ಚಿತ್ರಗಳ ಸಂಕಲನ, ಎಂಜಿನಿಯರಿಂಗ್ ನಕ್ಷೆಗಳು ಇವೂ ಸೇರಿದರೆ ಆರು ಚುರುಕಾದ ಕೋರುಗಳನ್ನು ಆರಿಸಲಿ. ಎಳೆ ಹನ್ನೆರಡಾದರೆ ಸಂತೋಷ. ಗಂಟೆಗಟ್ಟಲೆ ನಡೆಯುವ ಗಣನೆಗಳೂ ಚಿತ್ರರಚನೆಯೂ ನಿತ್ಯದ ಕೆಲಸವಾದವರು ಮಾತ್ರ ಎಂಟಕ್ಕೂ ಅದರಾಚೆಗೂ ಹೋಗಲಿ. ಅಲ್ಲಿ ನಿಜವಾದ ಕೋರುಗಳಿಗೆ ಹಣ ತೆರುವುದು ಲೇಸು, ಎಳೆಗಳಿಗಾಗಿಯೇ ಹೆಚ್ಚಿನ ಬೆಲೆ ಕೊಡುವುದು ಬೇಡ. ಎಂಟು ಗಿಗಾಬೈಟು ಸ್ಮೃತಿಯೊಡನೆ ಹದಿನಾರೆಳೆಯ ಪ್ರೊಸೆಸರು ಕೊಳ್ಳುವುದಕ್ಕಿಂತ, ಹದಿನಾರು ಗಿಗಾಬೈಟಿನೊಡನೆ ಹನ್ನೆರಡೆಳೆಯದನ್ನು ಕೊಳ್ಳುವವನು ಜಾಣನೆಂದು ನಮ್ಮ ದೃಢವಾದ ಅಭಿಪ್ರಾಯ. ಕಾಳೇ ಇಲ್ಲದ ಒರಳಿಗೆ ಒನಕೆ ಎಷ್ಟಿದ್ದರೇನು?

ನಮ್ಮ ಮಾತನ್ನೂ ಹಾಗೆಯೇ ನಂಬಬೇಕಾದುದಿಲ್ಲ. ಕಾಲೇಜಿನಲ್ಲಿಯೋ ಗೆಳೆಯರಲ್ಲಿಯೋ ನಾಲ್ಕು ಕೋರು ಎಂಟು ಎಳೆಗಳ ಗಣಕವಿದ್ದರೆ ಒಂದು ಸಣ್ಣ ಪ್ರಯೋಗ ಮಾಡಬಹುದು. ಚೌಕದೊಳಗೆ ಮನಬಂದಂತೆ ಚುಕ್ಕೆಗಳನ್ನೆಸೆದು, ವೃತ್ತದೊಳಗೆ ಬಿದ್ದವನ್ನೆಣಿಸಿ ಪೈ ಬೆಲೆಯನ್ನು ಕಂಡುಹಿಡಿಯುವ ಹತ್ತು ಸಾಲಿನ ಕ್ರಮವಿಧಿಯನ್ನು ಬರೆಯಿರಿ. ಒಟ್ಟು ಚುಕ್ಕೆಗಳ ಸಂಖ್ಯೆಯನ್ನು ಬದಲಿಸದೆ, ಕೆಲಸವನ್ನು ಒಂದು, ಎರಡು, ನಾಲ್ಕು, ಆರು, ಎಂಟು ಪಾಲು ಮಾಡಿ ಏಕಕಾಲದಲ್ಲಿ ನಡೆಸಿ, ಪ್ರತಿಸಲವೂ ಹಿಡಿದ ಕಾಲವನ್ನು ಬರೆದಿಡಿ. ಪಾಲುಗಳ ಎದುರಿಗೆ ವೇಗದ ನಕ್ಷೆಯನ್ನೆಳೆದರೆ ಗೆರೆಯು ನಾಲ್ಕರವರೆಗೆ ಹೆಚ್ಚುಕಡಮೆ ನೇರವಾಗಿ ಏರಿ, ಅಲ್ಲಿಂದಾಚೆಗೆ ಬಾಗುವುದನ್ನು ಕಾಣುವಿರಿ. ಆ ಬಾಗು ಇರುವೆಡೆಯಲ್ಲಿಯೇ ಒರಳುಗಳು ಮುಗಿದು ಒನಕೆಗಳು ಮಾತ್ರ ಹೆಚ್ಚುತ್ತಿವೆ. ಬಾಗಿದ ಗೆರೆ ನಿಮ್ಮ ಕೆಲಸದಲ್ಲಿ ಎಷ್ಟು ಮೇಲೇರುತ್ತದೆಂಬುದೇ ನಿಮಗೆ ಎರಡನೆಯ ಎಳೆಯ ನಿಜವಾದ ಬೆಲೆ. ಆ ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವನನ್ನು ಯಾವ ಬೆಲೆಪಟ್ಟಿಯೂ ಸುಲಭವಾಗಿ ಮರುಳುಮಾಡಲಾರದು.